ಗ್ರಿಫಿತ್‌ಗೂ ಮುಂಚಿನ ಬಿಟ್ಜರ್: ಮೂಕಿ ಯುಗದ ಛಾಯಾಗ್ರಹಣದಲ್ಲಿ ಕರ್ತೃತ್ವದ ಪ್ರಶ್ನೆ

ಅಮೆರಿಕದ ಬಯೋಗ್ರಾಫ್ ಚಿತ್ರ ಕಂಪನಿಯನ್ನು ಬಿಟ್ಟ ನಿರ್ದೇಶಕ ಡಿ. ಡಬ್ಲ್ಯು. ಗ್ರಿಫಿತ್, 1913ರ ಡಿಸೆಂಬರಿನಲ್ಲಿ ‘ನ್ಯೂಯಾರ್ಕ್ ಡ್ರಮ್ಯಾಟಿಕ್ ಮಿರರ್’ ಪತ್ರಿಕೆಯಲ್ಲಿ ಒಂದು ಜಾಹೀರಾತು ಹಾಕಿಸಿದ. ಸಮೀಪ ಚಿತ್ರಿಕೆ, ದೂರದ ನೋಟ, ದೃಶ್ಯ ಮೆಲ್ಲಗೆ ಕತ್ತಲಾಗಿ ಮರೆಯಾಗುವ ಕ್ರಮ ಎಲ್ಲವನ್ನೂ ತನ್ನ ಕೊಡುಗೆಯೆಂದು ಅದರಲ್ಲಿ ಸಾರಿದ. ಸಿನಿಮಾ ಚರಿತ್ರೆ ಬಹುಕಾಲ ಆ ಪಟ್ಟಿಯನ್ನೇ ನೆಚ್ಚಿಕೊಂಡಿತು. ಆದರೆ ಗ್ರಿಫಿತ್ ನಿರ್ದೇಶನಕ್ಕೆ ಇಳಿದದ್ದು 1908ರಲ್ಲಿ. ಅವನ ಛಾಯಾಗ್ರಾಹಕ ಬಿಲ್ಲಿ ಬಿಟ್ಜರ್ (1872–1944) ಅಷ್ಟರೊಳಗೆ ಹತ್ತು ವರ್ಷಕ್ಕೂ ಮೀರಿ ಅದೇ ಕಂಪನಿಯಲ್ಲಿ ಪಳಗಿದ್ದ.

1899ರ ನವೆಂಬರಿನಲ್ಲಿ ಕೋನಿ ಐಲೆಂಡಿನಲ್ಲಿ ಜೆಫ್ರೀಸ್–ಶಾರ್ಕಿ ಮುಷ್ಟಿಕಾಳಗ ನಡೆದದ್ದು ರಾತ್ರಿ ಹೊತ್ತು. ಕಣದ ಮೇಲೆ ನೂರಾರು ಆರ್ಕ್ ದೀಪಗಳನ್ನು ಇಳಿಬಿಟ್ಟು, 25 ಸುತ್ತುಗಳ ಆ ಕಾಳಗವನ್ನು ಚಿತ್ರೀಕರಿಸಿದ ತಂಡದಲ್ಲಿ ಬಿಟ್ಜರ್ ಇದ್ದ. ಸಿನಿಮಾ ಇನ್ನೂ ಸೂರ್ಯನ ಬೆಳಕಿಗೆ ಕಾಯುತ್ತಿದ್ದ ಕಾಲವದು.

ಇದಕ್ಕಿಂತ ಗಟ್ಟಿಯಾದ ಸಾಕ್ಷ್ಯ 1905ರ ಸುರಂಗ ರೈಲಿನ ಚಿತ್ರ. ನ್ಯೂಯಾರ್ಕಿನ ಸುರಂಗ ರೈಲು ಶುರುವಾಗಿ ಆಗ ವರ್ಷವೂ ತುಂಬಿರಲಿಲ್ಲ. ಬಿಟ್ಜರ್ ಒಂದು ರೈಲಿನ ಮುಂಭಾಗದಲ್ಲಿ ಕ್ಯಾಮೆರಾ ನಿಲ್ಲಿಸಿ, ಎದುರಿನ ರೈಲನ್ನು 14ನೇ ಬೀದಿಯಿಂದ 42ನೇ ಬೀದಿಯವರೆಗೆ ಹಿಂಬಾಲಿಸಿದ. ದೀಪಗಳನ್ನು ಹೊತ್ತ ಮೂರನೆಯ ಗಾಡಿ ಪಕ್ಕದ ಹಳಿಯ ಮೇಲೆ ಜೊತೆಜೊತೆಗೇ ಓಡಿತು. ಕಂಬಗಳ ಸಾಲು ಬೆಳಕನ್ನು ಕತ್ತರಿಸುತ್ತ ಹೋಗುತ್ತದೆ, ಮುಂದಿನ ರೈಲು ತಿರುವಿನಲ್ಲಿ ದೂರವಾಗಿ ಮತ್ತೆ ಹತ್ತಿರ ಬರುತ್ತದೆ. ಚಲಿಸುವ ಕ್ಯಾಮೆರಾಕ್ಕೆ ಚಲಿಸುವ ಬೆಳಕನ್ನು ಜೋಡಿಸಿದ ಈ ಬುದ್ಧಿವಂತಿಕೆ ಇಂದಿಗೂ ಬೆರಗು ಹುಟ್ಟಿಸುತ್ತದೆ. ಹಕ್ಕುಸ್ವಾಮ್ಯಕ್ಕಾಗಿ ಚಿತ್ರಗಳನ್ನು ಕಾಗದದ ಸುರುಳಿಗೆ ಅಚ್ಚುಹಾಕಿ ಸಲ್ಲಿಸುವ ಆಗಿನ ಪದ್ಧತಿಯಿಂದಾಗಿ ಬಯೋಗ್ರಾಫಿನ ಇಂಥ ಅನೇಕ ಚಿತ್ರಗಳು ಲೈಬ್ರರಿ ಆಫ್ ಕಾಂಗ್ರೆಸ್ಸಿನಲ್ಲಿ ಉಳಿದುಬಂದಿವೆ.

ಹೀಗಾಗಿ 1909ರ ‘ಎ ಡ್ರಂಕರ್ಡ್ಸ್ ರಿಫಾರ್ಮೇಶನ್’ ಚಿತ್ರದ ಕೊನೆಯಲ್ಲಿ ಕುಟುಂಬದ ಮುಖಗಳ ಮೇಲೆ ಬೀಳುವ ಅಗ್ಗಿಷ್ಟಿಕೆಯ ಬೆಳಕನ್ನು ನಿರ್ದೇಶಕನೊಬ್ಬನ ಲೆಕ್ಕಕ್ಕೆ ಬರೆಯಲಾಗದು. ಆ ದೃಶ್ಯಕ್ಕೆ ಕಥೆಯಲ್ಲಿ ಜಾಗ ಮಾಡಿಕೊಟ್ಟವನು ಗ್ರಿಫಿತ್ ಎಂಬುದೂ ಅಷ್ಟೇ ನಿಜ. ಇದೇ ಜೋಡಿಯ ‘ದ ಬರ್ತ್ ಆಫ್ ಎ ನೇಷನ್’ (1915) ಜನಾಂಗದ್ವೇಷವನ್ನು ಹಬ್ಬಿಸಿದ ಚಿತ್ರ. ಅದರ ಛಾಯಾಗ್ರಹಣವನ್ನು ಚರ್ಚಿಸುವಾಗಲೂ ಆ ದ್ವೇಷವನ್ನು ಬದಿಗಿಡಬಾರದು.

ಬಿಟ್ಜರನಿಗೆ ಸಲ್ಲದ್ದನ್ನು ಅವನ ತಲೆಗೆ ಕಟ್ಟುವುದೂ ತಪ್ಪೇ. ‘ಬ್ರೋಕನ್ ಬ್ಲಾಸಮ್ಸ್’ (1919) ಚಿತ್ರದಲ್ಲಿ ನಟಿ ಲಿಲಿಯನ್ ಗಿಶ್ ಮುಖದ ಮಂಜುಮುಸುಕಿದಂಥ ಮೃದುತ್ವದಲ್ಲಿ ಇನ್ನೊಬ್ಬ ಛಾಯಾಗ್ರಾಹಕ ಹೆಂಡ್ರಿಕ್ ಸಾರ್ಟೋವ್‌ನ ಪಾಲು ದೊಡ್ಡದು. ಮುಂದೆ ಗ್ರಿಫಿತ್‌ನ ಒಲವು ಸಾರ್ಟೋವ್‌ನತ್ತ ವಾಲಿತು, ಬಿಟ್ಜರ್ ಹಿಂದೆ ಸರಿದ. ಅವನ ಆತ್ಮಕಥೆ ಅಚ್ಚಾದದ್ದು 1973ರಲ್ಲಿ, ಅವನು ತೀರಿಕೊಂಡು 29 ವರ್ಷಗಳ ಮೇಲೆ.

1908ಕ್ಕೂ ಮುಂಚಿನ ಬಯೋಗ್ರಾಫ್ ಚಿತ್ರಗಳನ್ನು ನೋಡದೆ ಗ್ರಿಫಿತ್‌ನ ಶೋಧಗಳ ಪಟ್ಟಿ ಬರೆಯುವುದು ಸಂಶೋಧನೆಗೆ ಒಪ್ಪುವ ಕೆಲಸವಲ್ಲ.