ಮನೆಯಂಗಳದ ಮಹಾಯುದ್ಧ

ಎರಡನೆಯ ಮಹಾಯುದ್ಧದ ಕಾಲದ ಬ್ರಿಟನ್ನಿನ ಹೆಣ್ಣುಮಕ್ಕಳನ್ನು ಕುರಿತು ಇಂಗ್ಲಿಷಿನಲ್ಲಿ ಕಾದಂಬರಿಗಳ ಸುಗ್ಗಿಯೇ ನಡೆದಿದೆ. ಜೆನಿಫರ್ ರಯಾನ್ ಅವರ ‘ದಿ ಚಿಲ್ಬರಿ ಲೇಡೀಸ್ ಕ್ವಾಯರ್’ (2017) ಕೃತಿಯಲ್ಲಿ, ಗಂಡಸರು ದಂಡಿಗೆ ಹೋದರೆಂದು ಪಾದ್ರಿಯು ಹಳ್ಳಿಯ ಗಾಯನ ಮೇಳವನ್ನೇ ಮುಚ್ಚಿಬಿಡುತ್ತಾನೆ. ಹೆಂಗಸರು ತಾವೇ ಮೇಳ ಕಟ್ಟಿ ಹಾಡುತ್ತಾರೆ. ಎ. ಜೆ. ಪಿಯರ್ಸ್ ಅವರ ‘ಡಿಯರ್ ಮಿಸೆಸ್ ಬರ್ಡ್’ (2018) ನಾಯಕಿ ಯುದ್ಧ ವರದಿಗಾರ್ತಿಯಾಗಲು ಹೊರಟು, ಮಹಿಳಾ ಪತ್ರಿಕೆಯೊಂದರಲ್ಲಿ ಓದುಗರ ಗೋಳಿನ ಪತ್ರಗಳ ನಡುವೆ ಕೂರುತ್ತಾಳೆ. ಓದಿದರೆ ಮನಸ್ಸು ಹಗುರಾಗುತ್ತದೆ, ಸುಳ್ಳಲ್ಲ.

ಈ ಜಾಡಿನ ಹಿರಿಯಕ್ಕ ಜ್ಯಾನ್ ಸ್ಟ್ರದರ್ ಅವರ ‘ಮಿಸೆಸ್ ಮಿನಿವರ್’. ‘ಟೈಮ್ಸ್’ ಪತ್ರಿಕೆಯ ಬಿಡಿ ಬರಹಗಳು 1939ರಲ್ಲಿ ಪುಸ್ತಕವಾದವು. ತಮಾಷೆಯೆಂದರೆ ಅದರಲ್ಲಿ ಬಾಂಬು ಬೀಳುವುದೇ ಇಲ್ಲ. ಬಾಂಬು ಹಾಕಿದ್ದು 1942ರ ಹಾಲಿವುಡ್ ಚಿತ್ರ!

ಇಂಥ ಕತೆಗಳಲ್ಲಿ ಹೆಣ್ಣು ಸ್ವಇಚ್ಛೆಯಿಂದ ಸೊಂಟ ಕಟ್ಟಿ ನಿಲ್ಲುತ್ತಾಳೆ. ನಿಜದಲ್ಲಿ 1941ರ ಡಿಸೆಂಬರಿನ ಕಾಯಿದೆ ಮದುವೆಯಾಗದ ತರುಣಿಯರಿಗೂ ಯುದ್ಧಸೇವೆಯನ್ನು ಕಡ್ಡಾಯ ಮಾಡಿತು. 1943ರ ಹೊತ್ತಿಗೆ ಹೊಲಗಳಲ್ಲಿ ದುಡಿಯುವ ‘ಲ್ಯಾಂಡ್ ಆರ್ಮಿ’ಯಲ್ಲೇ 80,000ಕ್ಕೂ ಹೆಚ್ಚು ಹೆಂಗಸರಿದ್ದರು. ಪಡಿತರ 1940ರ ಜನವರಿಯಲ್ಲಿ ಆರಂಭವಾಗಿ 1954ರವರೆಗೂ ಉಳಿಯಿತು. ಯುದ್ಧವಿಡೀ ಪಡಿತರವಿಲ್ಲದೆ ಸಿಕ್ಕಿದ ಬ್ರೆಡ್ಡಿಗೆ 1946ರಲ್ಲಿ, ಗೆದ್ದ ಮೇಲೆ, ಪಡಿತರ ಬಂತು. 1945ರಲ್ಲಿ ಮದುವೆಯ ಊಟದೊಡನೆ ಮುಗಿಯುವ ಕಾದಂಬರಿಗೆ ಈ ಸಾಲು ನಿಲ್ಲುವ ಕಷ್ಟ ಕಾಣುವುದಿಲ್ಲ. 1943ರಲ್ಲಿ ಮುಂಬಯಿಗೂ ಪಡಿತರ ಬಂದಿತ್ತು. ಅದೇ ವರ್ಷ, ಅದೇ ಸಾಮ್ರಾಜ್ಯದ ಬಂಗಾಳದಲ್ಲಿ ಜನ ಲಕ್ಷಗಟ್ಟಲೆ ಹಸಿವಿನಿಂದ ಸತ್ತರು. ಇಂಗ್ಲೆಂಡಿನ ಅಡುಗೆಮನೆಯ ಕತೆಯನ್ನು ಓದುವಾಗ ನಮಗೆ ಇದು ನೆನಪಾಗದೆ ಇರದು.

ನನ್ನ ಮಟ್ಟಿಗೆ ಎಲ್ಲಕ್ಕಿಂತ ರೋಚಕವಾದದ್ದು ಪಾರ್ಲಿಮೆಂಟಿನೊಳಗಿನ ಯುದ್ಧ. ವಿಮಾನದಾಳಿಯಲ್ಲಿ ಒಂದೇ ಬಾಂಬಿಗೆ ಕಾಲು ಕಳೆದುಕೊಂಡರೂ ಹೆಂಗಸಿಗೆ ಸಿಗುತ್ತಿದ್ದ ಪರಿಹಾರ ಗಂಡಸಿನದಕ್ಕಿಂತ ಕಡಿಮೆ! ಕಾಲಿನ ಬೆಲೆಯಲ್ಲೂ ಭೇದ. ಮೇವಿಸ್ ಟೇಟ್, ಈಡಿತ್ ಸಮ್ಮರ್‌ಸ್ಕಿಲ್ ಮೊದಲಾದ ಸದಸ್ಯೆಯರು ಪಕ್ಷಭೇದ ಮರೆತು ಹೋರಾಡಿದರು. 1943ರಲ್ಲಿ ಪರಿಹಾರ ಸಮವಾಯಿತು.

ಮರುವರ್ಷ ಮಾರ್ಚಿಯಲ್ಲಿ ಶಿಕ್ಷಣ ಮಸೂದೆ ಚರ್ಚೆಗೆ ಬಂದಾಗ, ಶಿಕ್ಷಕಿಯರಿಗೂ ಸಮಾನ ವೇತನ ಬೇಕೆಂದು ಥೆಲ್ಮಾ ಕ್ಯಾಜಲೆಟ್-ಕೀರ್ ತಿದ್ದುಪಡಿ ತಂದರು. ಆಕೆ ಚರ್ಚಿಲರ ಪಕ್ಷದವರೇ. 117 ಮತ ಪರ, 116 ವಿರುದ್ಧ. ಒಂದೇ ಮತದ ಗೆಲುವು! ಚರ್ಚಿಲ್ ಸಿಡಿದೆದ್ದು, ಇದನ್ನು ಸರಕಾರದ ಮೇಲಿನ ವಿಶ್ವಾಸದ ಪ್ರಶ್ನೆಯಾಗಿಸಿದರು. ಯುದ್ಧದ ನಡುವೆ ಪ್ರಧಾನಿಯನ್ನು ಇಳಿಸುವವರು ಯಾರು? ಎರಡೇ ದಿನದಲ್ಲಿ ತಿದ್ದುಪಡಿ ಬಿದ್ದುಹೋಯಿತು. ಆ ಎರಡು ದಿನಗಳ ಮೇಲೆ ಯಾರಾದರೂ ಕಾದಂಬರಿ ಬರೆದರೆ ಮೊದಲ ಪ್ರತಿ ನಾನೇ ಕೊಳ್ಳುತ್ತೇನೆ.

ಮದುವೆಯಾದ ಶಿಕ್ಷಕಿಯರನ್ನು ಕೆಲಸದಿಂದ ತೆಗೆಯುವ ಪದ್ಧತಿಯನ್ನಂತೂ ಅದೇ 1944ರ ಕಾಯಿದೆ ನಿಲ್ಲಿಸಿತು. ಸಮಾನ ವೇತನ ಮಾತ್ರ 1955ರಿಂದ ಕಂತುಕಂತಾಗಿ ಬಂದು, 1961ರಲ್ಲಿ ಪೂರ್ತಿ ಕೈಸೇರಿತು.