ಪ್ರಕರಣಸಂಖ್ಯೆಯೂ ಪ್ರತೀಕವೂ

ಋಗ್ವೇದದ ಎಂಟನೆಯ ಮಂಡಲದ 49ನೆಯ ಸೂಕ್ತ ಯಾವುದೆಂದು ಕೇಳಿದರೆ ಎರಡು ಉತ್ತರಗಳುಂಟು. ವಾಲಖಿಲ್ಯಗಳೆಂದು ಪ್ರಸಿದ್ಧವಾದ ಹನ್ನೊಂದು ಸೂಕ್ತಗಳನ್ನು ಮಂಡಲದೊಳಗೇ ಎಣಿಸುವ ಮುದ್ರಣಗಳಲ್ಲಿ ಅದು ವಾಲಖಿಲ್ಯಗಳ ಮೊದಲನೆಯದು. ಅವುಗಳನ್ನು ಬೇರೆಯಾಗಿರಿಸಿದ ಗ್ರಿಫಿತ್ ಪಂಡಿತನ ಇಂಗ್ಲಿಷ್ ಅನುವಾದದಂತಹ ಗ್ರಂಥಗಳಲ್ಲಿ ಅದೇ ಸಂಖ್ಯೆಯು ಒಂದು ಅಗ್ನಿಸೂಕ್ತಕ್ಕೆ ಸಲ್ಲುತ್ತದೆ. ಈ ಅಗ್ನಿಸೂಕ್ತವಾದರೋ ಮೊದಲಿನ ಗಣನೆಯಲ್ಲಿ 60ನೆಯದು. ಮಂಡಲಾಂತ್ಯದವರೆಗೂ ಈ ಹನ್ನೊಂದರ ಅಂತರವು ತಪ್ಪದೆ ನಡೆದು, ಒಂದರಲ್ಲಿ 103ಕ್ಕೂ ಇನ್ನೊಂದರಲ್ಲಿ 92ಕ್ಕೂ ಮುಗಿಯುತ್ತದೆ. ಮಂತ್ರದಲ್ಲಿ ಒಂದಕ್ಷರವೂ ಕದಲಿಲ್ಲ. ಕದಲಿದುದು ಸಂಖ್ಯೆ ಮಾತ್ರ. ಗ್ರಂಥದ ಹೆಸರನ್ನೂ ಅಂಕವನ್ನೂ ಮಾತ್ರ ಕೊಟ್ಟು, ಯಾವ ಮುದ್ರಣವೆಂಬುದನ್ನು ಹೇಳದೆ ಬಿಟ್ಟ ಲೇಖಕನ ಉಲ್ಲೇಖವು ಓದುಗನನ್ನು ಬೇರೊಂದು ದೇವತೆಯ ಬಾಗಿಲಿಗೆ ಕೊಂಡೊಯ್ದು ನಿಲ್ಲಿಸುತ್ತದೆ.

ಈಗ ಗಣಕಯಂತ್ರದ ವರ್ಡ್ ಪ್ರಾಸೆಸರಿನಲ್ಲಿ ಗ್ರಂಥವನ್ನು ಸಿದ್ಧಪಡಿಸುವವರಿಗೆ ಪ್ರಕರಣಶೀರ್ಷಿಕೆಗಳ ಅಂಕಗಳು ತಾವಾಗಿಯೇ ಬೀಳುವಂತೆ ಏರ್ಪಡಿಸಿಕೊಳ್ಳುವ ಅನುಕೂಲವುಂಟಷ್ಟೆ. ನಡುವೆ ಹೊಸದೊಂದು ಪ್ರಕರಣವನ್ನು ಸೇರಿಸಿದರೆ ಮುಂದಿನವುಗಳ ಅಂಕಗಳೆಲ್ಲ ಒಂದೊಂದು ಮುಂದೆ ಸರಿಯುತ್ತವೆ; ಅಂದರೆ ವಾಲಖಿಲ್ಯಗಳ ವಿಷಯದಲ್ಲಿ ಆದುದೇ ಇಲ್ಲಿ ದಿನಕ್ಕೆ ಹತ್ತು ಬಾರಿ ಆಗುತ್ತದೆ. ಇಂತಹ ಚಲಿಸುವ ಸಂಖ್ಯೆಯನ್ನು ನಂಬಿ ಉಲ್ಲೇಖಮಾಡುವುದು ಹೇಗೆಂಬ ಪ್ರಶ್ನೆಯು ಹೊಸದಲ್ಲ. ಪೂರ್ವಿಕರು ಇದಕ್ಕೆ ಕಂಡುಕೊಂಡ ಪರಿಹಾರವು ವಿಚಾರಯೋಗ್ಯವಾಗಿದೆ.

ಹಸ್ತಪ್ರತಿಗಳಲ್ಲಿ ವಿಭಾಗದ ಸಂಖ್ಯೆಯು ಸಾಮಾನ್ಯವಾಗಿ ತಲೆಯಲ್ಲಿರದೆ ಕೊನೆಯ ಸಮಾಪ್ತಿವಾಕ್ಯದಲ್ಲಿರುತ್ತದೆ. ಪಂಪನ ವಿಕ್ರಮಾರ್ಜುನವಿಜಯದ ಹದಿನಾಲ್ಕು ಆಶ್ವಾಸಗಳೂ ಹೀಗೆ ಮುಗಿಯುವಲ್ಲಿಯೇ ತಮ್ಮ ಕ್ರಮವನ್ನು ಹೇಳಿಕೊಳ್ಳುತ್ತವೆ. ಕುಮಾರವ್ಯಾಸನಲ್ಲಿ ಸಂಧಿಯ ಮೊದಲಿಗೆ ಬರುವ ಸೂಚನೆಯ ಪದ್ಯವು ಶೀರ್ಷಿಕೆಯ ಕೆಲಸವನ್ನು ಮಾಡುತ್ತದೆಯಾದರೂ ಅದು ಹೇಳುವುದು ಕಥೆಯನ್ನು, ಸಂಖ್ಯೆಯನ್ನಲ್ಲ.

ಶೀರ್ಷಿಕೆ ಮತ್ತು ಸಂಖ್ಯೆಗಳ ಸಂಬಂಧವನ್ನು ಶಾಸ್ತ್ರದೃಷ್ಟಿಯಿಂದ ಚರ್ಚಿಸಿದವರು ವೈಯಾಕರಣರು. ಪಾಣಿನಿಯ ಅಧಿಕಾರಸೂತ್ರವೆಂಬುದು ಒಂದು ಬಗೆಯ ಶೀರ್ಷಿಕೆಯೇ. ಮೂರನೆಯ ಅಧ್ಯಾಯದ ಮೊದಲನೆಯ ಪಾದದಲ್ಲಿ ಧಾತುವನ್ನು ಕುರಿತು ಬರುವ ಅಧಿಕಾರವು ಆ ಅಧ್ಯಾಯ ಮುಗಿಯುವವರೆಗೆ ಐನೂರಕ್ಕೂ ಮಿಕ್ಕ ಸೂತ್ರಗಳ ಮೇಲೆ ತನ್ನ ಆಳ್ವಿಕೆಯನ್ನು ನಡೆಸುತ್ತದೆ. ಇಂತಹ ಸೂತ್ರವನ್ನು ಸ್ವರಿತಸ್ವರದಿಂದ ಗುರುತಿಸಬೇಕೆಂಬುದು ಆಚಾರ್ಯನ ವಿಧಿ. ಆದರೆ ಇಂದು ಪ್ರಚಲಿತವಾದ ಪಾಠದಲ್ಲಿ ಆ ಸ್ವರಚಿಹ್ನೆಗಳು ಉಳಿದಿಲ್ಲ. ಅಧಿಕಾರವು ಎಲ್ಲಿಯವರೆಗೆ ಎಂಬ ಶಂಕೆಗೆ ಕಾತ್ಯಾಯನನ ವಾರ್ತಿಕವೊಂದು ಉಪಾಯವನ್ನು ಸೂಚಿಸುತ್ತದೆ. ಅಧಿಕಾರಸೂತ್ರಕ್ಕೆ ಒಂದು ವರ್ಣವನ್ನು ಅನುಬಂಧವಾಗಿ ಹಚ್ಚುವುದು. ಅಕ್ಷರಸಮಾಮ್ನಾಯದಲ್ಲಿ ಆ ವರ್ಣವು ಎಷ್ಟನೆಯದೋ ಅಷ್ಟು ಸೂತ್ರಗಳವರೆಗೆ ಅಧಿಕಾರವು ನಡೆಯುವುದು. ಅಕಾರವಾದರೆ ಒಂದು, ಇಕಾರವಾದರೆ ಎರಡು, ಉಕಾರವಾದರೆ ಮೂರು. ಗೋಲ್ಡ್‌ಸ್ಟ್ಯೂಕರನು 1861ರಲ್ಲಿ ಪ್ರಕಟಿಸಿದ ಪಾಣಿನಿವಿಷಯಕ ಗ್ರಂಥದಲ್ಲಿ ಈ ಭಾಗವನ್ನು ವಿಶೇಷವಾಗಿ ಚರ್ಚಿಸಿರುವನು.

ಇಲ್ಲಿ ಸ್ವಾರಸ್ಯವಿರುವುದು ಮುಂದಿನ ಆಕ್ಷೇಪದಲ್ಲಿ. ವರ್ಣಗಳು ಕೆಲವೇ, ಸೂತ್ರಗಳು ಅವಕ್ಕಿಂತ ಹೆಚ್ಚಾದಲ್ಲಿ ಏನು ಗತಿ? ಅಂತಹ ಕಡೆ ‘ಇಂಥದಕ್ಕಿಂತ ಮೊದಲು’ ಎಂದು ಗಡಿಯನ್ನು ಹೇಳಿಬಿಡಬೇಕೆಂಬುದೇ ಸಮಾಧಾನ. ಪಾಣಿನಿಯ ನಡೆಯೂ ಇದೇ. ನಾಲ್ಕನೆಯ ಅಧ್ಯಾಯದ ಮೊದಲ ಪಾದದಲ್ಲಿ ಅಣ್‌ಪ್ರತ್ಯಯದ ಅಧಿಕಾರವನ್ನು ಆರಂಭಿಸುವಾಗ, ಅದೇ ಅಧ್ಯಾಯದ ನಾಲ್ಕನೆಯ ಪಾದದ ಮೊದಲಿನಲ್ಲಿ ಬರುವ ‘ದೀವ್ಯತಿ’ ಎಂಬ ಪದವನ್ನು ಅವನು ಎಲ್ಲೆಗಲ್ಲಾಗಿ ನೆಟ್ಟಿದ್ದಾನೆ. ನಡುವಿನ ಸೂತ್ರಗಳು ಎಷ್ಟೆಂದು ಅವನು ಎಣಿಸಲಿಲ್ಲ, ಎಣಿಸದಿದ್ದುದೇ ಒಳ್ಳೆಯದಾಯಿತು. ಏಕೆಂದರೆ ಕಾಶಿಕಾಪಾಠದಲ್ಲಿ ಕೆಲವು ವಾರ್ತಿಕಗಳು ಸೂತ್ರಗಳಾಗಿಯೇ ಸೇರಿಕೊಂಡಿರುವುದನ್ನು ಕೀಲ್‌ಹಾರ್ನ್ ತೋರಿಸಿಕೊಟ್ಟಿದ್ದಾನೆ. ಎಣಿಕೆಯ ಗಡಿಯಾಗಿದ್ದರೆ ಇಂತಹ ಸೇರ್ಪಡೆಯಿಂದ ಕೆಡುತ್ತಿತ್ತು. ಪದದ ಗಡಿಯಾದುದರಿಂದ ಉಳಿಯಿತು.

ವ್ಯಾಖ್ಯಾನಕಾರರು ಸೂತ್ರವನ್ನೋ ಶ್ಲೋಕವನ್ನೋ ಅದರ ಮೊದಲ ಪದಗಳಾದ ಪ್ರತೀಕದಿಂದ ನಿರ್ದೇಶಿಸುವ ಸಂಪ್ರದಾಯಕ್ಕೂ ಇದೇ ಸಮರ್ಥನೆ. ಬ್ರಹ್ಮಸೂತ್ರಗಳು ಶಂಕರರ ಪಾಠದಲ್ಲಿ 555, ರಾಮಾನುಜರಲ್ಲಿ 545, ಮಧ್ವರಲ್ಲಿ 564 ಎಂದು ಗಣನೆಯುಂಟು. ಒಬ್ಬರು ಒಂದಾಗಿ ಓದಿದುದನ್ನು ಇನ್ನೊಬ್ಬರು ಎರಡಾಗಿ ಒಡೆದಲ್ಲಿ ಆ ಪಾದದ ಮುಂದಿನ ಅಂಕಗಳೆಲ್ಲ ಸರಿದುಹೋಗುತ್ತವೆ. ವಾದಗ್ರಂಥಗಳಲ್ಲಿ ಅಂಕಗಳಿಂದಲೇ ವ್ಯವಹಾರ ನಡೆದಿದ್ದರೆ ಪೂರ್ವಪಕ್ಷವು ಯಾವ ಸೂತ್ರದ ಮೇಲಿನದೆಂದು ತಿಳಿಯುವುದೇ ಕಷ್ಟವಾಗುತ್ತಿತ್ತು.

ಐರೋಪ್ಯರು ಹಿಡಿದ ದಾರಿ ಬೇರೆ. ಅವರು ಸಂಖ್ಯೆಯನ್ನು ಒಂದು ಮುದ್ರಣಕ್ಕೆ ಕಟ್ಟಿಹಾಕಿದರು. ಪ್ಲೇಟೋವಿನ ಗ್ರಂಥಗಳನ್ನು 1578ರ ಸ್ಟೆಫಾನಸನ ಮುದ್ರಣದ ಪುಟಗಳಿಂದಲೂ ಅರಿಸ್ಟಾಟಲನವುಗಳನ್ನು 1831ರಲ್ಲಿ ಹೊರಬರಲಾರಂಭಿಸಿದ ಬೆಕ್ಕರನ ಮುದ್ರಣದಿಂದಲೂ ಇಂದಿಗೂ ಉಲ್ಲೇಖಿಸುತ್ತಾರೆ. ಬಿಂದುಗಳಿಂದ ಬೇರ್ಪಡಿಸಿದ ಸ್ತರಸಂಖ್ಯೆಯು ಈಚಿನದು. ವಿಟ್‌ಗೆನ್‌ಸ್ಟೈನನು 1921ರಲ್ಲಿ ಪ್ರಕಟವಾದ ತನ್ನ ತರ್ಕಗ್ರಂಥದ ವಾಕ್ಯಗಳಿಗೆಲ್ಲ ದಶಾಂಶಸಂಖ್ಯೆಗಳನ್ನಿತ್ತನು. 1978ರಲ್ಲಿ ಅಂತರರಾಷ್ಟ್ರೀಯ ಮಾನಕಸಂಸ್ಥೆಯು 2145ನೆಯ ಮಾನಕದಲ್ಲಿ ವಿಭಾಗೋಪವಿಭಾಗಗಳ ಅಂಕನಕ್ರಮವನ್ನು ನಿಯಮಿಸಿತು. 3.1.91 ಎಂದು ಅಧ್ಯಾಯ, ಪಾದ, ಸೂತ್ರಗಳನ್ನು ಬರೆಯುವ ಪದ್ಧತಿಯನ್ನು ಬಲ್ಲವರಿಗೆ ಇದು ಅಪರಿಚಿತವೆನಿಸದು.

ಗಣಕಯಂತ್ರದಲ್ಲಿ ಈ ಎರಡು ದಾರಿಗಳೂ ಕೂಡಿದುವು. ಬ್ರಯನ್ ರೀಡ್ ಎಂಬವನು 1980ರ ತನ್ನ ಪ್ರಬಂಧದಲ್ಲಿ ವಿವರಿಸಿದ ‘ಸ್ಕ್ರೈಬ್’, ಅನಂತರ ಲೆಸ್ಲಿ ಲ್ಯಾಂಪೋರ್ಟನು ರಚಿಸಿದ ‘ಲೇಟೆಕ್’ ಇವುಗಳಲ್ಲಿ ಲೇಖಕನು ಅಂಕವನ್ನು ಬರೆಯುವುದೇ ಇಲ್ಲ. ಇದು ಪ್ರಕರಣ, ಇದು ಉಪಪ್ರಕರಣ ಎಂದಷ್ಟೇ ಗುರುತುಮಾಡಿ, ಬೇಕಾದಲ್ಲಿ ಅದಕ್ಕೊಂದು ಹೆಸರನ್ನಿಡುತ್ತಾನೆ. ಬೇರೆಡೆಯಲ್ಲಿ ಆ ಹೆಸರನ್ನೇ ಹೇಳುತ್ತಾನೆ. ಲೇಟೆಕ್ ಮೊದಲ ಆವೃತ್ತಿಯಲ್ಲಿ ಹೆಸರುಗಳಿಗೆ ಸಂಖ್ಯೆಗಳನ್ನು ಗೊತ್ತುಮಾಡಿ ಒಂದು ಉಪಕಡತದಲ್ಲಿ ಬರೆದಿಟ್ಟುಕೊಂಡು, ಎರಡನೆಯ ಆವೃತ್ತಿಯಲ್ಲಿ ಅವನ್ನು ಸ್ವಸ್ಥಾನಗಳಲ್ಲಿ ತುಂಬುತ್ತದೆ. ಈ ಹೆಸರು ಪ್ರತೀಕವಲ್ಲದೆ ಮತ್ತೇನು?

1983ರಲ್ಲಿ ಹುಟ್ಟಿದ ‘ವರ್ಡ್’ ಎಂಬ ತಂತ್ರಾಂಶದ ಈಗಿನ ರೂಪದಲ್ಲಿಯೂ ತತ್ತ್ವವಿದೇ. ಆದರೆ ಪ್ರತೀಕವು ಮರೆಯಲ್ಲಿರುತ್ತದೆಯಾದ ಕಾರಣ ತಪ್ಪುಗಳು ಹೆಚ್ಚು. ಶೀರ್ಷಿಕೆಗಳಿಗೆ ‘ಹೆಡಿಂಗ್ 1’, ‘ಹೆಡಿಂಗ್ 2’ ಎಂಬ ಶೈಲಿಗಳನ್ನು ಹಚ್ಚಿ, ಬಹುಸ್ತರಪಟ್ಟಿಯ ಒಂದೊಂದು ಸ್ತರವನ್ನು ಆಯಾ ಶೈಲಿಗೆ ಜೋಡಿಸಬೇಕು. ಇಷ್ಟು ಮಾಡಿದರೆ ಪ್ರತಿ ಅಧ್ಯಾಯದಲ್ಲಿಯೂ ಪಾದಸಂಖ್ಯೆಯು ಒಂದರಿಂದ ಮೊದಲಾಗುವಂತೆ ಕೆಳಸ್ತರದ ಎಣಿಕೆಯು ತಾನೇ ಹೊಸದಾಗುತ್ತದೆ. ಅಕ್ಷರವನ್ನು ದಪ್ಪಮಾಡಿ, ಅಂಕವನ್ನು ಕೈಯಿಂದ ಬರೆದುದು ನೋಟಕ್ಕೆ ಶೀರ್ಷಿಕೆಯಾದರೂ ಯಂತ್ರಕ್ಕೆ ಶೀರ್ಷಿಕೆಯಲ್ಲ. ಸ್ವರಿತವು ಲೋಪವಾದ ಅಧಿಕಾರಸೂತ್ರದಂತೆ ಅದು ಉಳಿದ ವಾಕ್ಯಗಳಲ್ಲಿ ಕಲೆತುಹೋಗುತ್ತದೆ. ‘3.2ನೆಯ ಪ್ರಕರಣವನ್ನು ನೋಡಿ’ ಎಂಬ ಮಾತಿನ ಅಂಕವನ್ನೂ ಕೈಯಿಂದ ಬರೆಯದೆ, ಅಡ್ಡ ಉಲ್ಲೇಖದ ಮೂಲಕ ಸೇರಿಸಬೇಕು. ಆಗ ತಂತ್ರಾಂಶವು ಆ ಶೀರ್ಷಿಕೆಗೆ ಗುಪ್ತವಾದ ಹೆಸರೊಂದನ್ನಿಟ್ಟು ಅದನ್ನು ಹಿಡಿದುಕೊಳ್ಳುತ್ತದೆ. ಶೀರ್ಷಿಕೆಯ ಅಂಕವು ಕೂಡಲೇ ಬದಲಾದರೂ ಅಡ್ಡ ಉಲ್ಲೇಖದ ಅಂಕವು ಎಫ್ 9 ಕೀಲಿಯನ್ನೊತ್ತಿ ನವೀಕರಿಸುವವರೆಗೆ ಹಳೆಯದೇ ಆಗಿರಬಹುದು. ಅನೇಕ ಪ್ರಬಂಧಗಳಲ್ಲಿ ಕಾಣುವ ಅಸಂಬದ್ಧ ನಿರ್ದೇಶಗಳಿಗೆ ಈ ಒಂದು ಅನವಧಾನವೇ ಕಾರಣವೆಂದು ತೋರುತ್ತದೆ.

ಗ್ರಂಥವು ಪ್ರಕಟವಾದ ಮೇಲೆ ಮಾತ್ರ ಅಂಕವು ಚಲಿಸಕೂಡದು. ಪುಣೆಯ ಭಾಂಡಾರ್ಕರ್ ಸಂಸ್ಥೆಯವರು 1933ರಿಂದ 1966ರವರೆಗೆ ಹೊರತಂದ ಮಹಾಭಾರತದ ಸಂಶೋಧಿತಪಾಠದಲ್ಲಿ ಭಗವದ್ಗೀತೆಯು ಭೀಷ್ಮಪರ್ವದ 23ನೆಯ ಅಧ್ಯಾಯಕ್ಕೆ ಮೊದಲಾಗುತ್ತದೆ. ಪ್ರಚಲಿತಪಾಠದಲ್ಲಿ ಅದು 25ನೆಯದು. ಹಳೆಯ ಅಂಕಗಳನ್ನು ನಂಬಿದ ಉಲ್ಲೇಖಗಳು ಇದರಿಂದ ತಪ್ಪಿದುದುಂಟು. ಆದರೆ ತಾವು ಬಿಟ್ಟ ಪಂಕ್ತಿಗಳನ್ನು ಆ ಸಂಪಾದಕರು ಎಸೆಯಲಿಲ್ಲ. ನಕ್ಷತ್ರಚಿಹ್ನೆಯೊಡನೆ ಬೇರೊಂದು ಸಂಖ್ಯಾಶ್ರೇಣಿಯಲ್ಲಿ ಪುಟದ ಕೆಳಗೆ ಇಟ್ಟರು, ದೀರ್ಘವಾದವುಗಳನ್ನು ಅನುಬಂಧಕ್ಕೆ ಸೇರಿಸಿದರು. ಮೂಲದ ಎಣಿಕೆಗೆ ಅವು ತಗಲುವುದಿಲ್ಲ. ವರ್ಡ್ ಪ್ರಾಸೆಸರಿನಲ್ಲಿ ಇಂತಹ ಸಂಪಾದನೆಯನ್ನು ಕೈಕೊಳ್ಳುವವರು ಪ್ರಕ್ಷಿಪ್ತಭಾಗಗಳಿಗೆ ಪ್ರತ್ಯೇಕವಾದ ಪಟ್ಟಿಶೈಲಿಯನ್ನೇ ಮೊದಲು ಏರ್ಪಡಿಸಿಕೊಳ್ಳಬೇಕಾಗುತ್ತದೆ. ಅದೇ ಪಟ್ಟಿಯ ಕೆಳಸ್ತರವೊಂದರಲ್ಲಿ ಅವನ್ನು ಇಟ್ಟರೆ ಮೂಲದ ಅಂಕಗಳೊಡನೆ ಅವು ಬೆರೆತುಹೋಗುತ್ತವೆ.