ಕಂಬದೊಳಗಿನ ರಿಂಗು

ಭೂಕಂಪವೆಂದರೆ ಹಿಮಾಲಯದ ಸೀಮೆಯ ಮಾತು, ನಮ್ಮ ಗಜೇಂದ್ರಗಡದ ಗುಡ್ಡ ಅಲುಗುವುದುಂಟೆ ಎಂದು ಹಿರಿಯರು ನಗುತ್ತಿದ್ದರು. ಆದರೆ ದಖ್ಖನ್ನಿನ ಈ ಗಟ್ಟಿ ನೆಲ ಪಕ್ಕದ ಮಹಾರಾಷ್ಟ್ರದಲ್ಲೇ ಎರಡು ಸಲ ಭೀಕರವಾಗಿ ನಡುಗಿದೆ.

ಮೊದಲನೆಯದು ನಾನು ಹುಟ್ಟುವ ಮೊದಲು, 1967ರ ಡಿಸೆಂಬರ್ 11ರಂದು ಕೊಯ್ನಾದಲ್ಲಿ. ಕಾಂಕ್ರೀಟಿನ ಅಣೆಕಟ್ಟೇ ಬಿರುಕು ಬಿಟ್ಟಿತು. ಅದನ್ನು ಕೆಡವಲಿಲ್ಲ, ಬೆನ್ನಿಗೆ ಕಾಂಕ್ರೀಟಿನ ಆನಿಕೆ ಕೊಟ್ಟು ಬಲಪಡಿಸಿದರು. ಹಳೆಯದನ್ನು ಉಳಿಸಿಕೊಂಡೇ ಗಟ್ಟಿ ಮಾಡಬಹುದೆಂಬುದಕ್ಕೆ ಅದೊಂದು ದೊಡ್ಡ ಸಾಕ್ಷಿ.

ಎರಡನೆಯದು ನಾನು ಬಿ.ಎಡ್. ಮುಗಿಸಿದ ಹೊಸತರಲ್ಲಿ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ, ಗಣಪತಿಯನ್ನು ಕಳಿಸಿ ಜನ ಮಲಗಿದ್ದಾಗ, ಲಾತೂರು ಜಿಲ್ಲೆಯ ಕಿಲ್ಲಾರಿ ನೆಲಸಮವಾಯಿತು. ಸುಮಾರು ಹತ್ತು ಸಾವಿರ ಜನ ಸತ್ತರು. ಅಂದಿನ ನಕ್ಷೆಯ ಪ್ರಕಾರ ಆ ಊರು ಅತಿ ಕಡಿಮೆ ಅಪಾಯದ ವಲಯದಲ್ಲಿತ್ತು! ನಮ್ಮ ಹಳ್ಳಿಗಳಂತೆಯೇ ಅಲ್ಲಿಯೂ ಕಲ್ಲು-ಕೆಸರಿನ ಗೋಡೆ, ಮೇಲೆ ಮಣ್ಣಿನ ಮಾಳಿಗೆ. ಕಾಂಕ್ರೀಟಿನ ಕಟ್ಟಡವಾದರೆ ಭಯವಿಲ್ಲ ಎಂಬ ಮಾತು ಆಗ ಎಲ್ಲೆಡೆ ಕೇಳಿಬಂತು.

ಆ ಮಾತು 2001ರ ಜನವರಿ 26ರಂದು ಸುಳ್ಳಾಯಿತು. ಕಛ್‌ನಲ್ಲಿ ಭೂಮಿ ಕಂಪಿಸಿದರೆ, ಇನ್ನೂರು ಕಿಲೋಮೀಟರಿಗೂ ದೂರದ ಅಹಮದಾಬಾದಿನಲ್ಲಿ ಕಾಂಕ್ರೀಟಿನ ಬಹುಮಹಡಿ ಕಟ್ಟಡಗಳು ಕುಸಿದವು.

ಕಂಬ ದಪ್ಪವಿದ್ದರೆ ಸಾಲದು. ಉದ್ದ ಸರಳುಗಳನ್ನು ಸುತ್ತುವ ರಿಂಗುಗಳು ಒತ್ತೊತ್ತಾಗಿರಬೇಕು. ಅವುಗಳ ತುದಿ ಒಳಕ್ಕೆ ಬಾಗಿ ಕೊಕ್ಕೆಯಂತೆ ಹಿಡಿದಿರಬೇಕು. ಕಣಿಕೆಯ ಸಿವುಡನ್ನೇ ನೋಡಿ: ಕಟ್ಟು ಸಡಿಲವಾದರೆ ದಂಟು ಎಷ್ಟು ಗಟ್ಟಿಯಿದ್ದರೇನು? ಈ ಬಿಗಿಗೆಂದೇ ಪ್ರತ್ಯೇಕ ಭಾರತೀಯ ಮಾನಕ ಬಂದದ್ದು 1993ರಲ್ಲಿ. ಅದಕ್ಕೂ ಹಿಂದಿನ ಶಾಲೆ, ಆಸ್ಪತ್ರೆ, ಕಚೇರಿಗಳು ಊರೂರಲ್ಲಿವೆ. ಶಾಲೆಯ ಪಡಸಾಲೆಯಲ್ಲಿ ಕಂಬದ ಅರ್ಧಕ್ಕೆ ಗೋಡೆ ಕಟ್ಟಿರುವುದನ್ನು ನೀವೂ ನೋಡಿರಬಹುದು. ಭೂಮಿ ಅಲುಗಿದಾಗ ಒತ್ತಡವೆಲ್ಲ ಮೇಲಿನ ಮೋಟು ಭಾಗದ ಮೇಲೆ ಬಿದ್ದು ಕಂಬ ಅಲ್ಲಿಯೇ ಒಡೆಯುತ್ತದೆ.

ಇದಕ್ಕೆ ಮದ್ದುಂಟು. ಹಳೆಯ ಕಂಬದ ಸುತ್ತ ಹೊಸ ಸರಳು, ರಿಂಗು ಕಟ್ಟಿ ಕಾಂಕ್ರೀಟಿನ ಕವಚ ತೊಡಿಸಬಹುದು. ತಳಪಾಯದಿಂದ ಹೊಸ ಕಾಂಕ್ರೀಟ್ ಗೋಡೆ ಎಬ್ಬಿಸಬಹುದು. ಅರ್ಧಗೋಡೆಯನ್ನು ಕಂಬದಿಂದ ಬಿಡಿಸಬಹುದು. ಹಳೆಯ ಕಾಂಕ್ರೀಟ್ ಕಟ್ಟಡಗಳ ಪರೀಕ್ಷೆಗೆ, ಬಲವರ್ಧನೆಗೆ 2013ರಲ್ಲಿ ಮಾನಕವೂ ಬಂದಿದೆ.

ಶಾಲೆಗೆ ದುರಸ್ತಿಯ ಹಣ ಬಂದಾಗ ಸುಣ್ಣಬಣ್ಣದ ಮಾತೇ ಮೊದಲು. ಶಾಲಾಭಿವೃದ್ಧಿ ಸಮಿತಿಯಲ್ಲಿ ತಾಯಂದಿರೂ ಇರುತ್ತಾರೆ. ಕಟ್ಟಡ ಯಾವ ಇಸವಿಯದು, ಕಂಬಗಳನ್ನು ಇಂಜಿನಿಯರು ಪರೀಕ್ಷಿಸಿದ್ದಾರೆಯೇ ಎಂದು ಅವರು ಕೇಳಲಿ. ಕೊಯ್ನಾ, ಕಿಲ್ಲಾರಿ ಎರಡೂ ನಡುಗಿದ್ದು ನಸುಕಿನಲ್ಲಿ, ತರಗತಿಗಳು ಖಾಲಿಯಿದ್ದವು. ಭೂಮಿ ಪ್ರತಿ ಸಲವೂ ಶಾಲೆಯ ಗಂಟೆ ನೋಡಿಕೊಂಡು ಅಲುಗುವುದಿಲ್ಲ.